ಉಣ್ಣದೆ ಎದ್ದು ಬಂದ ಬಯಕೆ ಊಟ

ನನ್ನ ಸೊಸೆಯನ್ನು ಹೊಗಳಲು ಕೂತಿದ್ದೇನೆ. ನನ್ನನ್ನು ಬಲ್ಲವರು ಇದನ್ನು ಓದಿದರೆ ಮೊದಲು ನನ್ನ ಆರೋಗ್ಯ ವಿಚಾರಿಸುತ್ತಾರೆ. ಸಿದ್ಧೇಶ್ವರ ಗುಡಿಯ ಹಿಂದಿನ ನಮ್ಮ ಓಣಿಯಲ್ಲಿ ಅತ್ತೆಯಂದಿರು ಸೊಸೆಯರ ಬಗ್ಗೆ ಆಡುವ ಮಾತು ಬೇರೆ. ನಾನೂ ಅಲ್ಲಿ ಕಟ್ಟೆಯ ಮೇಲೆ ಕೂತು ಸಾಕಷ್ಟು ಆಡಿದವಳೇ.

ಆಕೆಯನ್ನು ನೋಡಲು ಬಬಲೇಶ್ವರಕ್ಕೆ ಹೋದ ದಿನ ಹುಡುಗಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಅದೂ ಒಂದೊಂದೇ ಮಾತು. ವಾಪಸು ಬರುವಾಗ ನಾನು ಗಂಡನಿಗೆ, "ಹುಡುಗಿ ಮೂಕಿ ಏನ್ರಿ?" ಎಂದೆ. ಗಾಂಧಿ ಚೌಕದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು ದಿನವಿಡೀ ಗಿರಾಕಿಗಳ ಜೊತೆ ಒದರಿ ಮನೆಗೆ ಬಂದರೆ ನನ್ನ ಒದರಾಟ ಕೇಳುವ ಆ ಮನುಷ್ಯ, "ಮೂಕಿ ಇದ್ರ ಇನ್ನೂ ಚಲೋ ಆತು. ಮನ್ಯಾಗ ಒಬ್ಬಾಕಿ ಮಾತಾಡಾಕಿ ಸಾಕು" ಎಂದರು. ಮದುವೆಯಾಯಿತು. ಮೊಮ್ಮಗಳು ಹುಟ್ಟಿದಳು. ಸೊಸೆ ಮೂಕಿಯಲ್ಲ, ಮಾತನ್ನು ಅಳೆದು ಆಡುವವಳು ಎಂದು ಗೊತ್ತಾದದ್ದು ಆ ಕೂಸು ಓಡಾಡಲು ಕಲಿತ ಮೇಲೆ.

ಮೊಮ್ಮಗಳು ಕಿಡಿಗೇಡಿ. ಮೂರು ತುಂಬುವ ಹೊತ್ತಿಗೆ ಮನೆಯಲ್ಲಿ ಆಕೆ ಕೆಡವದ ಡಬ್ಬಿ ಉಳಿದಿರಲಿಲ್ಲ. ನಾನು ನನಗೆ ಬಂದ ಹಾಗೆ ಬೆದರಿಸುತ್ತಿದ್ದೆ. ಗುಮ್ಮನನ್ನು ಕರೆಯುತ್ತೇನೆ ಅನ್ನುತ್ತಿದ್ದೆ, ಪೊಲೀಸರಿಗೆ ಹಿಡಿದು ಕೊಡುತ್ತೇನೆ ಅನ್ನುತ್ತಿದ್ದೆ, ಇವತ್ತು ನಿನಗೆ ಊಟವೇ ಇಲ್ಲ ಅನ್ನುತ್ತಿದ್ದೆ. ಹಾಗಂದು ಹತ್ತು ನಿಮಿಷಕ್ಕೆ ತುಪ್ಪ ಹಚ್ಚಿದ ಬಿಸಿ ರೊಟ್ಟಿ ಹಿಡಿದು ಹಿಂದೆ ಓಡುತ್ತಿದ್ದವಳೂ ನಾನೇ. ನನ್ನ ಬೈಗುಳ ಗೋಲಗುಮ್ಮಟದ ಕೂಗಿನಂತೆ. ಏಳು ಸಲ ಕೇಳಿಸುತ್ತದೆ, ಆದರೆ ಅಲ್ಲಿ ಯಾರೂ ಇರುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬುದನ್ನು ಆ ಕೂಸು ಗಾದೆ ಕಲಿಯುವ ಮೊದಲೇ ತಿಳಿದುಕೊಂಡಿತ್ತು.

ಸೊಸೆಯ ರೀತಿ ಬೇರೆ. ಆಕೆ ಹೊಡೆಯುತ್ತಿರಲಿಲ್ಲ, ಒದರುತ್ತಿರಲಿಲ್ಲ. ಒಂದು ಸಲ ಹೇಳುತ್ತಿದ್ದಳು, ಆಮೇಲೆ ಹೇಳಿದ್ದನ್ನು ಮಾಡುತ್ತಿದ್ದಳು. "ಹಾಲು ಚೆಲ್ಲಿದ್ರ ನೀನ ಒರಸಬೇಕು" ಎಂದರೆ ಆ ಪುಟ್ಟ ಕೈಗೆ ಅರಿವೆ ಬರುತ್ತಿತ್ತು. ಕೂಸು ಒರೆಸಿ ಒರೆಸಿ ಹಾಲನ್ನು ಇಡೀ ಪಡಸಾಲೆಗೆ ಹಬ್ಬಿಸುತ್ತಿತ್ತು. ಸೊಸೆ ಪಕ್ಕದಲ್ಲಿ ಕೂತು ಕಾಯುತ್ತಿದ್ದಳು. ನಾನು ಒಳಗಿಂದ, "ಯವ್ವಾ, ನಾ ಒಂದ್ ಕ್ಷಣದಾಗ ಒರಸ್ತಿದ್ನಲ್ಲ" ಎಂದರೆ, "ನೀವು ಒರಸಿದ್ರ ನಾಳೆ ಮತ್ತ ನೀವ ಒರಸಬೇಕ್ರಿ ಅತ್ತಿ" ಅನ್ನುವಳು.

ಹಾಗಂತ ಆಕೆ ಎಡವುತ್ತಿರಲಿಲ್ಲ ಅಂತಲ್ಲ. ಒಂದು ಸಂಜೆ ಮೊಮ್ಮಗಳು ರಿಮೋಟನ್ನು ಟೀವಿಗೆ ಗುರಿಯಿಟ್ಟು ಒಗೆದಳು. ಟೀವಿ ಉಳಿಯಿತು, ಸೊಸೆಯ ತಾಳ್ಮೆ ಉಳಿಯಲಿಲ್ಲ. "ಅಮಾಸಿ ತನಕಾ ಟೀವಿ ಬಂದ್!" ಎಂದು ಒದರಿಬಿಟ್ಟಳು. ನಮ್ಮ ಕಡೆ ಎಲ್ಲದಕ್ಕೂ ಅಮಾವಾಸ್ಯೆ, ಹುಣ್ಣಿಮೆಯದೇ ಲೆಕ್ಕ. ಸಿಟ್ಟಿನಲ್ಲಿ ಬಾಯಿಗೆ ಅದೇ ಬಂತು. ಆಕೆಗೆ ನೆನಪಿರಲಿಲ್ಲ, ನನಗಿತ್ತು: ಅಮಾವಾಸ್ಯೆ ಆಗಿ ಇನ್ನೂ ಎರಡು ದಿನವಾಗಿರಲಿಲ್ಲ.

ಮರುದಿನ ಕ್ಯಾಲೆಂಡರ್ ನೋಡಿ ಸೊಸೆ ಹಣೆ ಹಿಡಿದುಕೊಂಡಳು. ಅದು ಕ್ರಿಕೆಟ್ ನಡೆಯುತ್ತಿದ್ದ ತಿಂಗಳು. ನನ್ನ ಗಂಡನ ಮುಖ ನೋಡಬೇಕಿತ್ತು. ನನ್ನ ಧಾರಾವಾಹಿಯಲ್ಲಿ ಮದುವೆ ನಿಂತುಹೋಗುವ ಹಂತದಲ್ಲಿತ್ತು. ಸೊಸೆಯೂ ಅದನ್ನೇ ನೋಡುತ್ತಿದ್ದಳು. "ಕೂಸಿಗೇನ್ ತಿಥಿ ತಿಳೀತದ? ನಾಳೆನ ಅಮಾಸಿ ಅಂತ ಹೇಳಿ ಹಚ್ಚು" ಎಂದು ನಾನು ದಾರಿ ತೋರಿಸಿದೆ.

"ಆಕಿಗೆ ತಿಳಿಯೂದಿಲ್ರಿ ಅತ್ತಿ. ನನಗ ತಿಳೀತದಲ್ಲ" ಎಂದಳು.

ನಾನು ಗಂಡನ ಕಡೆ ತಿರುಗಿದೆ, ಇವರಾದರೂ ಒಂದು ಮಾತು ಹೇಳಲಿ ಎಂದು. ಆ ಮನುಷ್ಯ ಅಂಗಡಿಯವನ ತಲೆ ಓಡಿಸಿ, "ಒಮ್ಮಿ ದರ ಇಳಿಸಿದ್ರ ಗಿರಾಕಿ ದಿನಾ ಇಳಸಂತಾನ. ಆಕಿ ಹೇಳೂದು ಖರೇ ಐತಿ" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಮ್ಯಾಚ್ ನೋಡಲು ಪಕ್ಕದ ಮನೆಗೆ ನಡೆದರು. ಧಾರಾವಾಹಿಯ ಮದುವೆ ನಿಂತಿತೋ ನಡೆಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಟೀವಿ ಹತ್ತಿದ್ದು ಅಮಾವಾಸ್ಯೆಯ ದಿನವೇ. ಅವತ್ತು ಸೊಸೆ ನನ್ನೆದುರು, "ಸಿಟ್ಟಿನಾಗ ದೊಡ್ಡದು ಹೇಳಿಬಿಟ್ಟೆ. ಇನ್ನ ಮುಂದ ನನ್ನ ಕೈಲಿ ಆಗೂವಷ್ಟ ಹೇಳ್ತೀನ್ರಿ" ಎಂದಳು. ಹೇಳಿದಂತೆ ಆಮೇಲಿನಿಂದ ಆಕೆಯ ಶಿಕ್ಷೆಗಳು ಸಣ್ಣವಾದವು. ಆದರೆ ತಪ್ಪುತ್ತಿರಲಿಲ್ಲ.

ಈಗ ಟಿಕೋಟಾದ ಮಾತಿಗೆ ಬರುತ್ತೇನೆ. ಅದು ನನ್ನ ತವರು. ಅಣ್ಣನಿಗೆ ದ್ರಾಕ್ಷಿ ತೋಟವಿದೆ. ಮೊಮ್ಮಗಳಿಗೆ ನಾಲ್ಕು ನಡೆಯುತ್ತಿದ್ದಾಗ ಸೊಸೆ ಮತ್ತೆ ಬಸುರಿಯಾದಳು. ಏಳನೆಯ ತಿಂಗಳು. ನಾವು ವೈನಿ ಎಂದು ಕರೆಯುವ ನನ್ನ ಅಣ್ಣನ ಹೆಂಡತಿ, "ತ್ವಾಟದಾಗ ಬಯಕಿ ಊಟ ಇಟ್ಟೀನಿ, ಸೊಸಿನ್ನ ಕರಕೊಂಡು ಬಾ" ಎಂದು ಹೇಳಿ ಕಳಿಸಿದಳು. ಸೊಸೆ ಆ ಸಲ ಹುಳಿಗೆ ಬಾಯಿ ಬಿಡುತ್ತಿದ್ದಳು. ವೈನಿಯ ಕೈಯ ಪುಂಡಿಪಲ್ಯವನ್ನು ಹಿಂದೆ ಒಮ್ಮೆ ಉಂಡಿದ್ದಳಂತೆ. ವಾರದಿಂದ ಅದರದೇ ಜಪ. ಬೇಡುವುದನ್ನೇ ಅರಿಯದ ಹುಡುಗಿ ಬಾಯಿಬಿಟ್ಟು ಆಸೆ ಹೇಳಿದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಮಾರ್ಚಿನ ಬಿಸಿಲು. ತೋಟದಲ್ಲಿ ಮಣೂಕ ಮಾಡುವ ಹಂಗಾಮು. ಹೆಣ್ಣುಮಕ್ಕಳು ಗೊನೆ ಕತ್ತರಿಸಿ ತರುತ್ತಿದ್ದರು. ದೊಡ್ಡ ಟಬ್ಬಿನಲ್ಲಿ ಕಲಸಿಟ್ಟ ಔಷಧದ ನೀರಿನಲ್ಲಿ ಅದನ್ನು ಅದ್ದಿ, ಶೆಡ್ಡಿನಲ್ಲಿ ಕಟ್ಟಿದ ಬಲೆಗಳ ಮೇಲೆ ಹರವುತ್ತಿದ್ದರು. ಹಾಗೆ ಹರವಿದ್ದು ಒಣಗಿದರೆ ಮಣೂಕ, ಪೇಟೆಯವರು ಒಣದ್ರಾಕ್ಷಿ ಅನ್ನುತ್ತಾರಲ್ಲ ಅದು. ಟಬ್ಬು ಕೂಸಿನ ಎದೆಯ ಎತ್ತರಕ್ಕಿತ್ತು. ನೀರಿನ ಮೇಲೆ ಎಣ್ಣೆ ಮಿರಮಿರ ಮಿಂಚುತ್ತಿತ್ತು. ಯಾವ ಮಗುವಿಗೆ ಕೈ ಹಾಕುವ ಆಸೆ ಆಗುವುದಿಲ್ಲ!

ಸೊಸೆ ತೋಟದ ಬಾಗಿಲಲ್ಲೇ ಮಗಳ ಎದುರು ಕಷ್ಟಪಟ್ಟು ಮೊಣಕಾಲೂರಿ ಕೂತಳು. "ಅಲ್ಲಿ ನೋಡು, ಟಬ್ಬು. ಅದರ ಹತ್ರ ಹೋಗೂದಿಲ್ಲ. ಹೋದ್ರ ನಾವು ಮನಿಗೆ ಹೋಗೂದು. ತಿಳೀತೇನು?"

"ಹೂಂ."

"ಏನ್ ಹೇಳಿದ್ನಿ?"

"ಟಬ್ಬಿನ ಹತ್ರ ಹೋದ್ರ ಮನಿಗೆ."

ನಾನು ನಕ್ಕೆ. ಹೇಳುವುದು ಸುಲಭ. ಬಯಕೆ ಊಟಕ್ಕೆ ಬಂದ ಬಸುರಿಯನ್ನು ಯಾರು ಮನೆಗೆ ಬಿಡುತ್ತಾರೆ ಎಂದುಕೊಂಡೆ.

ಬೇವಿನ ಗಿಡದ ಕೆಳಗೆ ಜಮಖಾನ ಹಾಸಿತ್ತು. ವೈನಿ ಏನು ಬಿಟ್ಟಿದ್ದಳು! ಸಜ್ಜೆ ರೊಟ್ಟಿ, ಎಣಗಾಯಿ, ಸಿಹಿಗೆ ಮಾದಲಿ, ಶೇಂಗಾ ಹಿಂಡಿ, ಮಣ್ಣಿನ ಗಡಿಗೆಯಲ್ಲಿ ಪುಂಡಿಪಲ್ಯ. ಮುಚ್ಚಳ ತೆಗೆದಾಗ ಆ ಹುಳಿಯ ವಾಸನೆಗೆ ನನ್ನ ಬಾಯಲ್ಲೇ ನೀರು ಬಂತು, ಸೊಸೆಯ ಗತಿ ಕೇಳಬೇಡಿ. ಬಯಕೆ ಊಟದಲ್ಲಿ ಬಸುರಿ ಮೊದಲ ತುತ್ತು ಎತ್ತಬೇಕು, ಆಮೇಲೆ ಉಳಿದವರು. ಎಲ್ಲರ ತಾಟೂ ಬಡಿಸಿಯಾಗಿತ್ತು. ಸೊಸೆ ಕೈ ತೊಳೆದು ಇನ್ನೇನು ರೊಟ್ಟಿ ಮುರಿಯಬೇಕು, ಶೆಡ್ಡಿನ ಕಡೆಯಿಂದ ಕೆಲಸದ ಹೆಂಗಸೊಬ್ಬಳು ಚೀರಿದಳು.

ನನ್ನ ಪಕ್ಕ ಇದ್ದ ಕೂಸು ಯಾವಾಗ ಜಾರಿತ್ತೋ ಕಾಣೆ. ಎರಡೂ ಕೈ ಮೊಣಕೈತನಕ ಟಬ್ಬಿನಲ್ಲಿ. ಅಂಚಿನ ಮೇಲೆ ಹೊಟ್ಟೆಯೂರಿ ಕಾಲು ನೆಲ ಬಿಟ್ಟಿದ್ದವು. ಆ ಹೆಂಗಸು ಫ್ರಾಕು ಹಿಡಿದು ಎಳೆದುಕೊಂಡಿದ್ದಳು. ಸೊಸೆ ಆ ಹೊಟ್ಟೆ ಹೊತ್ತು ಹೇಗೆ ಅಷ್ಟು ಬೇಗ ಓಡಿದಳೋ. ನಲ್ಲಿಯ ಕೆಳಗೆ ಮಗಳ ಕೈ ಹಿಡಿದು ತೊಳೆದಳು, ತೊಳೆದಳು, ತೊಳೆಯುತ್ತಲೇ ಇದ್ದಳು. ಸೆರಗಿನಿಂದ ಒರೆಸಿದಳು. ಆಮೇಲೆ ಕೇಳಿದಳು, ಮೆಲ್ಲಗೆ, "ಏನ್ ಹೇಳಿದ್ನಿ?"

ಕೂಸು ನನ್ನ ಕಡೆ ನೋಡಿತು. ನಾನು ಎಂದಿನಂತೆ ಕೂಸನ್ನು ಬಿಡಿಸಿಕೊಳ್ಳಲು ಹೋದೆ. "ಸಣ್ಣದೈತಿ, ಬಿಡು ಯವ್ವಾ. ನನ್ನ ತೊಡಿ ಮ್ಯಾಲ ಕೂಡ್ರಿಸ್ಕೋತೀನಿ. ನೀ ಉಣ್ಣು ನಡಿ."

"ಅತ್ತಿ, ನಾ ಹೇಳೀನ್ರಿ" ಎಂದಳು. ಅಷ್ಟೇ. ಮಗಳ ಕೈ ಹಿಡಿದು ಚಪ್ಪಲಿ ಹುಡುಕತೊಡಗಿದಳು.

ತವರುಮನೆಯವರ ಎದುರು ನನ್ನ ಮುಖ ಎಲ್ಲಿಡಲಿ! ಅಣ್ಣ ತಲೆ ತಗ್ಗಿಸಿ ನಿಂತ. ವೈನಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಬಸರ ಹೆಂಗಸು ಬಡಿಸಿದ ತಾಟ ಬಿಟ್ಟು ಏಳಬಾರದವ್ವಾ. ನಮ್ಮ ತ್ವಾಟಕ್ಕ ಏಳಿಗಿ ಅಲ್ಲ ಅದು" ಎಂದಳು. ಸೊಸೆ ಆಕೆಯ ಎರಡೂ ಕೈ ಹಿಡಿದುಕೊಂಡಳು. "ದೊಡ್ಡತ್ತಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಎಂಟು ದಿನದಿಂದ ಇದನ್ನ ಉಣಬೇಕಂತ ಕುಂತೀನ್ರಿ. ಆದ್ರ ಆಕಿಗೆ ಹೇಳಿಬಿಟ್ಟೀನಿ."

"ಬುತ್ತಿ ಕಟ್ಟಿ ಕೊಡ್ಲಿ?"

ಸೊಸೆ ಒಂದು ಕ್ಷಣ ಗಡಿಗೆಯ ಕಡೆ ನೋಡಿದಳು. ದೇವರಾಣೆ, ಆ ನೋಟ ನಾನು ಮರೆಯುವುದಿಲ್ಲ. "ಬ್ಯಾಡ್ರಿ. ಬುತ್ತಿ ಬಿಚ್ಚಿ ಉಣ್ಣೂದಂದ್ರ ಆಕಿಗೆ ಅದೂ ಒಂದು ಹಬ್ಬ ಆಗ್ತೈತಿ."

ಕೊನೆಗೆ ವೈನಿ ಹಟ ಹಿಡಿದು ನಿಂತಲ್ಲೇ ಒಂದು ಚಿಟಿಕೆ ಮಾದಲಿ ಆಕೆಯ ಬಾಯಿಗಿಟ್ಟಳು, ದಾರಿಯಲ್ಲೇ ಉಡಿ ತುಂಬಿದಳು. ಬಸುರಿಯನ್ನು ಬರಿ ಬಾಯಲ್ಲಿ, ಬರಿ ಉಡಿಯಲ್ಲಿ ಕಳಿಸುವ ಪಾಪ ತನಗೆ ಬೇಡವೆಂದಳು. ಅಷ್ಟಕ್ಕೆ ಸೊಸೆ ಒಪ್ಪಿದಳು. ನಾನು ಉಳಿಯಬಹುದಿತ್ತು. ಹಸಿವೂ ಆಗಿತ್ತು. ಆದರೆ ತುಂಬಿದ ಬಸುರಿಯನ್ನು ಒಬ್ಬಳನ್ನೇ ಬಿಸಿಲಲ್ಲಿ ಕಳಿಸಿ ಎಣಗಾಯಿ ಉಣ್ಣುವಷ್ಟು ಕೆಟ್ಟವಳಲ್ಲ ನಾನು. ಹಲ್ಲು ಕಡಿಯುತ್ತ ಹಿಂದೆ ನಡೆದೆ.

ಅಥಣಿ ರಸ್ತೆಗೆ ಬಂದು ಟಂಟಂ ಆಟೋ ಹತ್ತಿದೆವು. ಕೂಸು ಇಡೀ ದಾರಿ ಅತ್ತಿತು. "ಇನ್ನ ಹೋಗೂದಿಲ್ಲವ್ವಾ, ಇನ್ನ ಹೋಗೂದಿಲ್ಲ. ತಿರುಗಿ ಹೋಗೂಣು" ಎಂದು ಗೋಗರೆಯಿತು. ಟಂಟಂನಲ್ಲಿದ್ದವರೆಲ್ಲ ಸೊಸೆಯನ್ನು ರಾಕ್ಷಸಿಯನ್ನು ನೋಡಿದಂತೆ ನೋಡಿದರು. ನಾನೂ ಹಾಗೇ ನೋಡಿದೆ. ಆಕೆ ಬೈಯಲಿಲ್ಲ. "ನೋಡು, ನಿನ್ನಿಂದ ಹೀಗಾಯಿತು" ಎಂದು ಹಂಗಿಸಲಿಲ್ಲ. ಮೂಗು ಒರೆಸಿದಳು, ನೀರು ಕುಡಿಸಿದಳು, ತಲೆ ಸವರಿದಳು. ಆದರೆ ಟಂಟಂ ವಿಜಯಪುರದ ಕಡೆಗೇ ಓಡುತ್ತಿತ್ತು. ಮಗು ತೊಡೆಯ ಮೇಲೆ ನಿದ್ದೆ ಹೋದ ಮೇಲೆ ಸೊಸೆ ಮುಖ ಹೊರಗೆ ತಿರುಗಿಸಿದಳು.

ಮನೆಯಲ್ಲಿ ಮುಂಜಾನೆಯ ತಣ್ಣನೆಯ ರೊಟ್ಟಿ ಇತ್ತು, ಖಾರ, ಮೊಸರು. ಮೂವರೂ ಅದನ್ನೇ ಉಂಡೆವು. ನಾನು ಉಗುಳಬೇಕೆಂದಿದ್ದ ಸಿಟ್ಟನ್ನೆಲ್ಲ ಬಾಯಲ್ಲಿ ಕಟ್ಟಿಕೊಂಡಿದ್ದೆ. ಅಷ್ಟರಲ್ಲಿ ಸೊಸೆ ರೊಟ್ಟಿ ಮುರಿಯುತ್ತ, "ಅತ್ತಿ, ಪುಂಡಿಪಲ್ಯದ ವಾಸನಿ ಇನ್ನೂ ಮೂಗಿನ್ಯಾಗ ಐತ್ರಿ" ಎಂದು ನಕ್ಕಳು. ನಗುತ್ತಿದ್ದಂತೆಯೇ ಕಣ್ಣು ತುಂಬಿ ರೊಟ್ಟಿಯ ಮೇಲೆ ಹನಿ ಬಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ.

"ಇಷ್ಟ್ಯಾಕ ಹಟ ಮಾಡ್ದಿ ತಂಗಿ?" ಎಂದೆ.

"ಹಟ ಅಲ್ರಿ. ಇನ್ನೆರಡು ಮೂರು ತಿಂಗಳಿಗೆ ಕೈಯಾಗ ಇನ್ನೊಂದು ಕೂಸು ಇರ್ತೈತಿ. ಆಗ ಈಕಿ ಹಿಂದ ನನಗ ಓಡಾಕ ಆಗೂದಿಲ್ಲ. ದೂರದಿಂದ ನಿಲ್ಲು ಅಂದ್ರ ನಿಲ್ಲಬೇಕು. ನನ್ನ ಕಡೆ ಇರೂದು ಮಾತೊಂದ. ಅದೂ ಸುಳ್ಳಾದ್ರ ನಾ ಏನ್ ಮಾಡ್ಲಿ ಹೇಳ್ರಿ."

ನನ್ನ ತಾಟಿನ ಮೊಸರನ್ನು ಆಕೆಯ ತಾಟಿಗೆ ಸುರಿದೆ. ಆದರೂ ಸುಮ್ಮನಿರುವ ಜಾತಿಯಲ್ಲ ನನ್ನದು. ಸಂಜೆ ಬಬಲೇಶ್ವರದ ಬೀಗತಿಗೆ ಫೋನು ಹಚ್ಚಿ ಎಲ್ಲ ವರದಿ ಒಪ್ಪಿಸಿದೆ. ಆಕೆ ನಕ್ಕು, "ಸಣ್ಣಾಕಿದ್ದಾಗಿಂದ ಹಂಗ ಅದಾಳ್ರಿ. ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ. ನಾವೂ ಅಕಿನ್ನ ಕೇಳಿ ಮಾತಾಡೂದು ಕಲ್ತೀವಿ" ಎಂದಳು. ಟಿಕೋಟಾದಲ್ಲಿ ಮಾತ್ರ ನನ್ನ ಸೊಸೆಗೆ "ಉಣ್ಣದ ಹೋದಾಕಿ" ಎಂಬ ಹೆಸರು ಬಿತ್ತು. ವೈನಿ ನನ್ನ ಜೊತೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಏಪ್ರಿಲ್ಲಿನಲ್ಲಿ ಒಂದು ದಿನ ಗಾಂಧಿ ಚೌಕದಲ್ಲಿ ಬಳೆ ಅಂಗಡಿಯ ಮುಂದೆ ನಿಂತಿದ್ದೆವು. ಬಲೂನು ಮಾರುವವನನ್ನು ಕಂಡು ಮೊಮ್ಮಗಳು ನನ್ನ ಕೈ ಕಿತ್ತುಕೊಂಡು ಓಡಿದಳು. ಗಲ್ಲಿಯ ಆ ಕಡೆಯಿಂದ ಆಟೋ ನುಗ್ಗಿ ಬಂತು. ನಾನು ಒದರಿದೆ, ಬೇಡದ್ದೆಲ್ಲ ಒದರಿದೆ. ಕೂಸು ತಿರುಗಿಯೂ ನೋಡಲಿಲ್ಲ. ಹಿಂದಿನಿಂದ ಸೊಸೆ "ನಿಲ್ಲು" ಎಂದಳು. ಒಂದೇ ಮಾತು. ಕೂಸು ನಿಂತಲ್ಲೇ ನಿಂತಿತು. ಆಟೋ ಆಕೆಯ ಮುಂದಿನಿಂದ ಹಾದುಹೋಯಿತು. ತೋಟದಲ್ಲಿ ಬಿಟ್ಟು ಬಂದ ಆ ಊಟಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಜೂನಿನಲ್ಲಿ ಮಿರಗದ ಮಳೆ ಹತ್ತುವ ಹೊತ್ತಿಗೆ ಸೊಸೆಗೆ ದಿನ ತುಂಬಿತ್ತು. ಒಂದು ಮುಂಜಾನೆ ಕಾಲು ಬಾತು, ತಲೆ ಸಿಡಿಯತೊಡಗಿತು. ಬಿಪಿ ಏರಿದೆ, ತಕ್ಷಣ ದವಾಖಾನೆಗೆ ಸೇರಿಸಿ ಎಂದರು. ಮಗ ಆಟೋ ತಂದ. ಬಾಗಿಲಲ್ಲಿ ಮೊಮ್ಮಗಳು ಅವ್ವನ ಸೆರಗು ಬಿಡಲೊಲ್ಲಳು.

"ಸಂಜಿಗೆ ಬರ್ತೀನಂತ ಹೇಳಿ ಹೋಗು, ಕೂಸು ಸುಮ್ಮಾಗ್ತೈತಿ" ಎಂದು ಕಿವಿಯಲ್ಲಿ ಹೇಳಿದೆ.

ಸೊಸೆ ತಲೆಯಾಡಿಸಿದಳು. ಆ ನೋವಿನಲ್ಲೂ ಬಗ್ಗಿ ಮಗಳ ಮುಖ ಹಿಡಿದಳು. "ಸಂಜಿಗೆ ಬರೂದಿಲ್ಲ. ನಾಳೆನೂ ಬರೂದಿಲ್ಲ. ಬಾಳ ದಿನ ಆಗ್ಬಹುದು. ಆದ್ರ ಮನಿಗೆ ಬರ್ತೀನಿ."

ಕೂಸು ಓಣಿ ಹಾರಿಹೋಗುವಂತೆ ಅತ್ತಿತು. ನನಗೆ ಸೊಸೆಯ ಮೇಲೆ ಹಳೆಯ ಸಿಟ್ಟು ಮತ್ತೆ ಬಂತು. ಒಂದು ಸಣ್ಣ ಸುಳ್ಳು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ಅತ್ತು ಮುಗಿದ ಮೇಲೆ ಆ ಹುಡುಗಿ ಮೂಗು ಒರೆಸಿಕೊಂಡು ಆಡಲು ಹೋಯಿತು. ದಿನವಿಡೀ "ಅವ್ವ ಎಲ್ಲಿ" ಎಂದು ಕೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಗನ ಫೋನು ಬಂತು. ಗಂಡು ಕೂಸು ಹುಟ್ಟಿದೆ, ಕೂಸು ಆರಾಮ. ಆದರೆ ತಾಯಿಗೆ ಫಿಟ್ಸ್ ಬಂದಿದೆ, ಒಳಗೆ ಇಟ್ಟುಕೊಂಡಿದ್ದಾರೆ, ಡಾಕ್ಟರು ಏನೂ ಹೇಳುತ್ತಿಲ್ಲ. ಫೋನಿಟ್ಟು ದೇವರ ಮುಂದೆ ಕೂತೆ. ಬತ್ತಿಗೆ ಎಣ್ಣೆ ಹಾಕಲು ಕೈ ಏಳಲಿಲ್ಲ. ಇಷ್ಟು ವರ್ಷ ಓಣಿಯ ಕಟ್ಟೆಯ ಮೇಲೆ ಆಡಿಕೊಂಡಿದ್ದೇನಲ್ಲ, ಆ ಹುಡುಗಿ ಇಲ್ಲದ ಮನೆ ನನಗೆ ಬೇಡವಾಗಿತ್ತು.

ಮೊಮ್ಮಗಳು ಬಂದು ಪಕ್ಕದಲ್ಲಿ ನಿಂತಳು. "ಆಯಿ, ಯಾಕ ಅಳಾಕತ್ತೀ?"

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. "ಏನಿಲ್ಲ ನನ್ನವ್ವಾ. ಅವ್ವ ಈಗ ಬರ್ತಾಳ. ಇನ್ನೇನ್ ಬಂದ ಬಿಡ್ತಾಳ" ಎಂದೆ.

ಆಕೆ ನನ್ನನ್ನು ನೋಡಿದಳು. ಹಿರಿಯರು ಸಣ್ಣವರನ್ನು ನೋಡುವಂತೆ ನೋಡಿದಳು. "ಇಲ್ಲ ಆಯಿ. ಈಗ ಬರೂದಿಲ್ಲ. ಸಂಜಿಗೆ ಬರೂದಿಲ್ಲಂತ ಅವ್ವ ಹೇಳ್ಯಾಳ."

ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಆದ್ರ ಬರ್ತಾಳ" ಎಂದಳು. ನನ್ನ ಕೆನ್ನೆಯ ಮೇಲೆ ಪುಟ್ಟ ಕೈಯಿಟ್ಟು, ತಿಳಿಯದವಳಿಗೆ ತಿಳಿಸಿ ಹೇಳುವಂತೆ, "ತ್ವಾಟದಾಗ ಮನಿಗೆ ಹೋಗೂದು ಅಂದಿದ್ಳಲ್ಲ? ಮನಿಗೆ ಹೋದ್ವಿಲ್ಲೊ? ಈಗೂ ಮನಿಗೆ ಬರ್ತೀನಿ ಅಂದಾಳ" ಎಂದಳು.

ಆ ಕೂಸನ್ನು ಎದೆಗೆ ಒತ್ತಿಕೊಂಡು ಅತ್ತೆ. ತನ್ನ ಕೈಯಲ್ಲಿ ಇಲ್ಲದ್ದನ್ನು ನನ್ನ ಸೊಸೆ ಎಂದೂ ಹೇಳಿದವಳಲ್ಲ. ಮನೆಗೆ ಬರುವುದೂ ಅವತ್ತು ಆಕೆಯ ಕೈಯಲ್ಲಿ ಇರಲಿಲ್ಲ, ಆಕೆಗೂ ಅದು ಗೊತ್ತಿತ್ತು. ಆದರೂ ಬರುತ್ತೇನೆ ಎಂದು ಹೇಳಿಬಿಟ್ಟಿದ್ದಳು. ಹಾಗಾದರೆ ಬಂದೇ ಬರುತ್ತಾಳೆ ಎಂದು ನಾನೂ ನಂಬಿದೆ. ನಾಲ್ಕು ವರ್ಷದ ಹುಡುಗಿಯಿಂದ ಧೈರ್ಯ ಸಾಲ ಪಡೆದು ಎದ್ದು ದೀಪ ಹಚ್ಚಿದೆ.

ಬಹಳ ದಿನ ಆಯಿತು. ಹೇಳಿದಂತೆ. ಬಿಳಿಚಿಕೊಂಡು, ಅರ್ಧ ಆಗಿ, ಕೈಯಲ್ಲಿ ಕೂಸು ಹಿಡಿದು ಸೊಸೆ ಆಟೋದಿಂದ ಇಳಿದ ದಿನ ಜಿಟಿಜಿಟಿ ಮಳೆ. ಟಿಕೋಟಾದಿಂದ ವೈನಿ ಬಂದಿದ್ದಳು. ಸಿಟ್ಟೆಲ್ಲ ಮರೆತು ಪುಂಡಿಪಲ್ಯದ ಗಡಿಗೆ ಹೊತ್ತು ತಂದಿದ್ದಳು, ಬಾಣಂತಿಗೆ ಹುಳಿ ಕೊಡಬಾರದು ಎಂಬುದನ್ನೂ ಮರೆತು. "ಮುಂದಿನ ಹಂಗಾಮಿಗೆ ತ್ವಾಟಕ್ಕ ಬಂದು ಉಣ್ತೀನ್ರಿ ದೊಡ್ಡತ್ತಿ" ಎಂದಳು ಸೊಸೆ. ವೈನಿ ಕಣ್ಣೊರೆಸಿಕೊಂಡು, "ನೀ ಅಂದಿ ಅಂದ ಮ್ಯಾಲ ನಾ ಇವತ್ತ ಪುಂಡಿ ಬಿತ್ತತೀನಿ ತಗೊ" ಎಂದಳು.

ನಾನು ಆರತಿ ತಾಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆ. ಕಣ್ಣು ಮಂಜಾಗಿ ಬತ್ತಿ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಮೊಮ್ಮಗಳು ಓಡಿಹೋಗಿ ಅವ್ವನನ್ನು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆಕೆ ಮೊದಲು ತಿರುಗಿ ನನ್ನ ಸೆರಗು ಜಗ್ಗಿದಳು.

"ನೋಡಿದ್ಯಾ ಆಯಿ? ನಾ ಹೇಳಿರ್ಲಿಲ್ಲೇನು?"